ಕಾಲಿಗೋ, ಬಾಯಿಗೋ

ನನ್ನ ಬಾಯಿ ಜೋರು ಎಂಬುದು ನಮ್ಮೂರು ಬಾಡದಲ್ಲಿ ಎಲ್ಲರಿಗೂ ಗೊತ್ತು. ಅಮ್ಮ ಕುಮಟೆಯ ಪೇಟೆಯಲ್ಲಿ ಮೀನು ಮಾರಿ ನಮ್ಮನ್ನು ಸಾಕಿದವಳು. ಅವಳ ಬುಟ್ಟಿ ತಮ್ಮನ ಹೆಂಡತಿಗೆ ಹೋಯಿತು, ಬಾಯಿ ನನಗೆ ಬಂತು. ಮೂವರು ಗೆಳತಿಯರು ನಲವತ್ತು ದಾಟಿದ ಮೇಲೆ ಬೆನ್ನಿಗೆ ಚೀಲ ಕಟ್ಟಿಕೊಂಡು ರಾಜಸ್ಥಾನದ ಮರುಭೂಮಿ ನಡೆಯಲು ಹೋದದ್ದು ಆ ಬಾಯಿಯ ಜೋರಿನಿಂದಲೇ. ಅಲ್ಲಿ ಒಂದು ಮನೆಯ ಅಂಗಳದಲ್ಲಿ ಅದು ಕಟ್ಟಿಯೂ ಹೋಯಿತು.

ಹೊನ್ನಾವರದಲ್ಲಿ ಒಟ್ಟಿಗೆ ಕಾಲೇಜು ಓದಿದಾಗಿನಿಂದ ನಾವು ಮೂವರು ಗೆಳತಿಯರು. ಒಬ್ಬಳು ಕಾಯ್ಕಿಣಿಯವಳು. ಗದ್ದೆ, ತರಕಾರಿ, ಎರಡು ಎಮ್ಮೆ. ಮಾತು ಕಡಿಮೆ, ಹಾಡು ಹೆಚ್ಚು. ಇನ್ನೊಬ್ಬಳು ಭಟ್ಕಳದವಳು. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ. ಬಡಗಣ ದೇಶದಲ್ಲಿ ನಮ್ಮ ಮೂವರ ನಾಲಿಗೆ ಅವಳೇ ಎಂದು ಮೊದಲೇ ನಿಶ್ಚಯವಾಗಿತ್ತು. ಊರಿಂದ ಊರಿಗೆ ನಾಲ್ಕಾರು ದಿನದ ನಡಿಗೆ. ರಾತ್ರಿ ಯಾರದಾದರೂ ಮನೆಯಲ್ಲಿ ಮಲಗುವುದು, ಬೆಳಗಾದರೆ ಮುಂದಿನ ಊರು.

ಹೊರಡುವ ಮೊದಲು ಭಾನುವಾರಗಳಲ್ಲಿ ಚೀಲಕ್ಕೆ ಅಕ್ಕಿ ತುಂಬಿಕೊಂಡು ಬಾಡದ ಕಡಲತೀರದಲ್ಲಿ ನಡೆದು ಅಭ್ಯಾಸ ಮಾಡಿದ್ದೆವು. ಕಾಯ್ಕಿಣಿಯವಳು ಆಗಾಗ ಕೂತುಬಿಡುತ್ತಿದ್ದಳು. ನಾನು ನಗುತ್ತಿದ್ದೆ. "ಮರಳಲ್ಲಿ ಹುಟ್ಟಿದವಳು ನಾನು. ಮರುಭೂಮಿ ಅಂದ್ರೆ ಎಂತ, ಸಮುದ್ರ ಇಲ್ಲದ ಬಾಡ, ಅಷ್ಟೇ" ಎನ್ನುತ್ತಿದ್ದೆ. ಈ ಮಾತನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಾಯಿ ಕಟ್ಟಿಹೋದ ಆ ದಿನ ಬೆಳಿಗ್ಗೆ ನಾವು ಉಳಿದುಕೊಂಡಿದ್ದ ಮನೆಯ ಯಜಮಾನ, ಒಂಟೆಯವನೊಬ್ಬನನ್ನು ಜೊತೆಗೆ ಕಳಿಸುತ್ತೇನೆ, ಅವನು ಒಂಟೆಯ ಮೇಲೆ ನೀರು ಹೇರಿಕೊಂಡು ಬರುತ್ತಾನೆ ಎಂದ. ನಾನು ಬೇಡ ಎಂದೆ. ಒಂಟೆಯ ಮೇಲೆ ನೀರು ಬರುವುದಾದರೆ ನಡಿಗೆಗೆ ಎಂತ ಮರ್ಯಾದೆ? ಭಟ್ಕಳದವಳು ಅದನ್ನು ಆದಷ್ಟು ಮೆತ್ತಗೆ ಮಾಡಿ ಅವನಿಗೆ ತಿಳಿಸಿದಳು. ಅವನು ನಮ್ಮನ್ನೊಮ್ಮೆ ನೋಡಿ, ದಾರಿಯ ನಡುವೆ ಒಂದು ನೀರಿನ ಟಾಂಕಿ ಸಿಗುತ್ತದೆ ಎಂದು ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿಕೊಟ್ಟ.

ಬೆಳಗಿನ ಹೊತ್ತು ತಂಪಾಗಿತ್ತು. ಕಾಯ್ಕಿಣಿಯವಳು ನಾಟಿಯ ಹಾಡು ಹೇಳುತ್ತ ಹಿಂದೆ ಬರುತ್ತಿದ್ದಳು. ನೀರಿನ ಯಜಮಾನಿಕೆ ನಾನೇ ವಹಿಸಿಕೊಂಡಿದ್ದೆ. ಅವಳು ಬಾಟಲಿ ಎತ್ತಿದರೆ ಸಾಕು, "ಗದ್ದೆಗೆ ಬಿಟ್ಟ ಹಾಗೆ ಬಿಡಬೇಡ್ಯೆ, ಇದು ಕಾಯ್ಕಿಣಿ ಅಲ್ಲ" ಎಂದು ಗದರುತ್ತಿದ್ದೆ. ರೊಟ್ಟಿ ತಿಂದಾದ ಮೇಲೆ ನಾನು ಕೈ ತೊಳೆದೆ, ಬಾಯಿ ಮುಕ್ಕಳಿಸಿದೆ, ಡಬ್ಬಿಗೆ ನೀರು ಹಾಕಿ ಕುಲುಕಿ ಚೆಲ್ಲಿದೆ. ಎಂಜಲು ಕೈಯಲ್ಲಿ ನಡೆಯಲಿಕ್ಕಾಗುತ್ತದೆಯೇ? ಅದೂ ನೀರಿನ ಖರ್ಚು ಎಂದು ನನಗೆ ಹೊಳೆಯಲೇ ಇಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮಧ್ಯಾಹ್ನ ಟಾಂಕಿ ಸಿಕ್ಕಿತು. ನೆಲದೊಳಗೆ ಕಟ್ಟಿದ್ದು, ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ಕೂಗಿ ಕರೆದರೆ ಓಗೊಡಲು ಒಂದು ಪ್ರಾಣಿಯೂ ಇರಲಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಹಿಂದೆ ಹೋಗುವ ದಾರಿಯಷ್ಟೇ ಮುಂದಿನದೂ ಇತ್ತು. ಮುಂದಕ್ಕೇ ಹೋಗೋಣ ಎಂದು ನಾನೇ ಹೇಳಿದೆ.

ನಮ್ಮ ಕಡಲತೀರದಲ್ಲಿ ಮರಳು ಮೆತ್ತಗಾದರೆ ನೀರಂಚಿಗೆ ಸರಿದು ಗಟ್ಟಿ ನೆಲದಲ್ಲಿ ನಡೆಯಬಹುದು. ಅಲ್ಲಿ ಸರಿದು ನಡೆಯಲು ಅಂಚೇ ಇಲ್ಲ. ಹೆಜ್ಜೆ ಇಟ್ಟಲ್ಲೆಲ್ಲ ಹಿಮ್ಮಡಿ ಹೂತು ಬೂಟಿನೊಳಗೆ ಮರಳು ತುಂಬುತ್ತಿತ್ತು.

"ಒಂದ್ ಗುಟುಕು ಕೊಡೆ" ಎಂದಳು ಕಾಯ್ಕಿಣಿಯವಳು. ಉಳಿದ ಒಂದೇ ಬಾಟಲಿ ನನ್ನ ಚೀಲದಲ್ಲಿತ್ತು.

"ಈಗಲ್ಲ. ಆ ದಿಬ್ಬ ದಾಟಿದ ಮೇಲೆ."

ದಿಬ್ಬ ದಾಟಿದೆವು. ಅವಳು ಮತ್ತೆ ಕೇಳಿದಳು. ನಾನು ಇನ್ನೊಂದು ದಿಬ್ಬ ತೋರಿಸಿದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಹಾಡು ಯಾವಾಗ ನಿಂತಿತ್ತೋ ನಾನು ಗಮನಿಸಿರಲಿಲ್ಲ. ಹಿಂದೆ ತಿರುಗಿ ನೋಡಿದಾಗ ಅವಳು ಕುಡಿದವಳ ಹಾಗೆ ಓಲಾಡುತ್ತಿದ್ದಳು. ಮೈಯಲ್ಲಿ ಒಂದು ಹನಿ ಬೆವರಿಲ್ಲ. ಗಾಬರಿಯಾಗಿ ಬಾಟಲಿ ತೆಗೆದು ಅವಳ ಬಾಯಿಗಿಟ್ಟೆ. ಎಲ್ಲ ಕುಡಿದಳು, ಎಲ್ಲವನ್ನೂ ವಾಂತಿ ಮಾಡಿದಳು. ಭಟ್ಕಳದವಳು ನನ್ನ ಮುಖವನ್ನೊಮ್ಮೆ ನೋಡಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಾಯ್ಕಿಣಿಯವಳ ಚೀಲವನ್ನು ನಾನು ಹೊತ್ತುಕೊಂಡೆ, ಅವಳನ್ನು ಭಟ್ಕಳದವಳು ಹೆಗಲು ಕೊಟ್ಟು ನಡೆಸಿದಳು. ಇವಳಿಗೆ ಏನಾದರೂ ಆದರೆ ಕಾಯ್ಕಿಣಿಗೆ ಹೋಗಿ ಯಾವ ಬಾಯಲ್ಲಿ ಹೇಳಲಿ ಎಂಬುದೊಂದೇ ತಲೆಯಲ್ಲಿ.

ಅಷ್ಟರಲ್ಲಿ ಒಂದು ಮನೆ ಕಂಡಿತು. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಸುತ್ತ ಮುಳ್ಳಿನ ಬೇಲಿ. ಭಟ್ಕಳದವಳು ಕೂಗಿ ನೀರು ಕೇಳಿದಳು. ಕಾಯ್ಕಿಣಿಯವಳು ಬೇಲಿಯ ನೆರಳಿನಲ್ಲಿ ಕುಸಿದು ಕೂತಳು. ನಾನು ಮುಂದೆ ಹೋದೆ. ಸೆಗಣಿ ಸಾರಿಸಿದ ಚೊಕ್ಕ ಅಂಗಳ, ಒಂದು ಕಸ ಇಲ್ಲ. ನನಗಿಂತ ಹಿರಿಯಳಾದ ಹೆಂಗಸೊಬ್ಬಳು ಸೆರಗು ಮುಖದ ಮೇಲೆ ಎಳೆದುಕೊಂಡು ಹಿತ್ತಾಳೆಯ ಚೆಂಬು ಹಿಡಿದು ಹೊರಗೆ ಬಂದಳು. ಮುಂದೆ ನಿಂತಿದ್ದ ನನ್ನ ಕೈಗೆ ಕೊಟ್ಟಳು.

ಇಲ್ಲಿ ನಮ್ಮ ಊರಿನ ಒಂದು ಮಾತು ಹೇಳಬೇಕು. ನಮ್ಮಲ್ಲಿ ಯಾರೇ ಬರಲಿ, ಅಂಗಳದಲ್ಲಿ ಮೊದಲು ಒಂದು ಚೆಂಬು ನೀರು ಕೊಡುತ್ತೇವೆ. ಅದು ಕಾಲಿಗೆ. ಕಾಲು ತೊಳೆದು ಒಳಗೆ ಬಂದು ಕೂತ ಮೇಲೆ ಬೆಲ್ಲ, ಕುಡಿಯಲು ನೀರು. ಕಡಲ ಬದಿಯ ಮನೆಗಳಲ್ಲಂತೂ ಇದು ಇನ್ನೂ ಗಟ್ಟಿ. "ಮರಳು ಕಾಲಲ್ಲಿ ಒಳಗೆ ಬಂದ್ರೆ ನೋಡು" ಎಂದು ಅಮ್ಮ ಕಸ ಗುಡಿಸುವ ಹಿಡಿಸೂಡಿ ಎತ್ತುತ್ತಿದ್ದಳು. ನಡೆಯಲು ಕಲಿತಾಗಿನಿಂದ ನನ್ನ ಕಾಲಿಗೆ ಇದು ರೂಢಿ.

ಸಾರಿಸಿದ ಅಂಗಳ, ಕೈಯಲ್ಲಿ ಚೆಂಬು, ಕಾಲ ತುಂಬ ಮರಳು. ನಾನು ಬೂಟು ಕಳಚಿದೆ. ಒಂದು ಪಾದದ ಮೇಲೆ ಇನ್ನೊಂದನ್ನು ಉಜ್ಜುತ್ತ ನೀರು ಸುರಿದೆ. ತಣ್ಣಗೆ ಹಿತವಾಯಿತು. ಹಿತವಾದದ್ದೂ ನೆನಪಿದೆ, ಅದೇ ದೊಡ್ಡ ನಾಚಿಕೆ.

ಆ ಹೆಂಗಸು ಕಿರುಚಲಿಲ್ಲ. ಗೋಡೆಗೆ ಒರಗಿಸಿದ್ದ ಬೋಗುಣಿಯನ್ನು ಎಳೆದು ನನ್ನ ಕಾಲ ಕೆಳಗೆ ತಳ್ಳಿದಳು. ಕೊನೆಯ ಸ್ವಲ್ಪ ನೀರಷ್ಟೇ ಅದರಲ್ಲಿ ಬಿತ್ತು. ಮೊದಲಿನದು ಆಗಲೇ ನೆಲಕ್ಕೆ ಇಂಗಿತ್ತು.

"ಅದು ಕುಡೂಕೆ ಕೊಟ್ಟದ್ದು ಮಾರಾಯ್ತಿ" ಎಂಬ ಸಣ್ಣ ದನಿ ಬೇಲಿಯ ಕಡೆಯಿಂದ ಬಂತು. ದಿನವಿಡೀ ನಾನು ಗುಟುಕಿಗೆ ಸತಾಯಿಸಿದವಳ ದನಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೆಂಗಸು ಚೆಂಬನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಗಡಿಗೆಯ ತಳಕ್ಕೆ ಚೆಂಬು ತಾಗುವ ಸದ್ದು ಹೊರಗೆ ಕೇಳಿಸಿತು. ತಂದ ನೀರನ್ನು ನನ್ನನ್ನು ದಾಟಿಕೊಂಡು ಹೋಗಿ ಕಾಯ್ಕಿಣಿಯವಳ ಬಾಯಿಗೆ ತಾನೇ ಸ್ವಲ್ಪಸ್ವಲ್ಪ ಹಾಕಿದಳು. ಆಮೇಲೆ ಉಪ್ಪು ಹಾಕಿದ ಮಜ್ಜಿಗೆ ತಂದು ಕುಡಿಸಿದಳು. ಭಟ್ಕಳದವಳ ಕೈಗೆ ಚೆಂಬು ಕೊಟ್ಟಳು. ನನ್ನ ಸರದಿ ಬಂದಾಗ ಚೆಂಬು ಕೊಡಲಿಲ್ಲ. ಬೊಗಸೆ ಹಿಡಿ ಎಂದು ಸನ್ನೆ ಮಾಡಿ ಎಳೆ ಧಾರೆಯಾಗಿ ಬಿಟ್ಟಳು. ಬೆರಳ ಸಂದಿಯಿಂದ ಒಂದು ಹನಿಯೂ ಬೀಳದ ಹಾಗೆ ಕುಡಿದೆ. ಬೋಗುಣಿಯಲ್ಲಿದ್ದ ನನ್ನ ಕಾಲಿನ ನೀರನ್ನು ಅವಳು ಮೂಲೆಯಲ್ಲಿ ಕಟ್ಟಿದ್ದ ಆಡಿನ ಮುಂದಿಟ್ಟಳು.

ಕಾಯ್ಕಿಣಿಯವಳಿಗೆ ಬಣ್ಣ ಮರಳಿದ ಮೇಲೆ ಭಟ್ಕಳದವಳು ನನ್ನ ಪರವಾಗಿ ವಕಾಲತ್ತು ಶುರುಮಾಡಿದಳು. ನಮ್ಮ ಕಡೆ ಕಾಲು ತೊಳೆಯದೆ ಮನೆಯೊಳಗೆ ಬರುವುದಿಲ್ಲ, ಅದು ಮನೆಗೆ ಕೊಡುವ ಮರ್ಯಾದೆ ಎಂದಳು. ಹೆಂಗಸು ತಲೆ ಆಡಿಸುತ್ತ ಕೇಳಿದಳು. ನಿಮ್ಮಲ್ಲಿ ನೀರು ಎಷ್ಟು ದೂರ ಎಂದು ವಿಚಾರಿಸಿದಳಂತೆ. ಅಂಗಳದಲ್ಲೇ ಬಾವಿ, ಮಳೆಗಾಲದಲ್ಲಿ ಕೈಯಿಂದಲೇ ಮೊಗೆಯಬಹುದು ಎಂದಳು ಭಟ್ಕಳದವಳು. ಹೆಂಗಸು ನನ್ನ ಕಡೆ ತಿರುಗಿ ಏನೋ ಕೇಳಿದಳು. ಕೋಪವಿರಲಿಲ್ಲ. ನಿಜಕ್ಕೂ ಗೊತ್ತಾಗದೆ ಕೇಳಿದ ಹಾಗಿತ್ತು.

"ಎಂತ ಕೇಳ್ತಾಳೆ?" ಎಂದೆ.

"ಹಾಗಾದ್ರೆ ಅಲ್ಲಿ ಬಿಟ್ಟು ಇಲ್ಲಿ ಎಂತಕ್ಕೆ ಬಂದ್ರಿ ಅಂತ ಕೇಳ್ತಾಳೆ. ಎಂತ ಹೇಳ್ಲಿ?"

ಊರಲ್ಲಿ ಇದೇ ಪ್ರಶ್ನೆಗೆ ನಾನು ಎಷ್ಟು ಚಂದದ ಉತ್ತರ ಕೊಟ್ಟಿದ್ದೆ! ಕಷ್ಟ ಅಂದರೇನು ಎಂದು ಕಾಲಿಗೆ ಗೊತ್ತಾಗಬೇಕು ಎಂದಿದ್ದೆ. ಆ ಹೆಂಗಸಿನ ಎದುರು ಅದನ್ನು ಉಸುರಲಿಕ್ಕೂ ಆಗಲಿಲ್ಲ. ಭಟ್ಕಳದವಳು ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ನಾನು ಒದ್ದೆ ಕಾಲನ್ನು ಹಿಂದಕ್ಕೆ ಎಳೆದುಕೊಂಡು ಕೂತೆ. ಸಂಜೆ ಆ ಹೆಂಗಸಿನ ಗಂಡ ಒಂಟೆಗಾಡಿಯಲ್ಲಿ ನಮ್ಮನ್ನು ಮುಂದಿನ ಊರಿಗೆ ಬಿಟ್ಟ. ಮಾರನೆಯ ದಿನವೇ ಊರಿನ ರೈಲು ಹಿಡಿದೆವು.

ಹೋದ ತಿಂಗಳು ಕಾಯ್ಕಿಣಿಗೆ ಹೋಗಿದ್ದೆ. ಗೆಳತಿ ಅಂಗಳಕ್ಕೆ ಚೆಂಬು ತಂದು, ಮನೆಯವರೆಲ್ಲ ಕೇಳುವ ಹಾಗೆ, "ಕಾಲಿಗೋ, ಬಾಯಿಗೋ?" ಎಂದಳು. ಎಲ್ಲರೂ ನಕ್ಕರು. ಅವಳು ಈ ಕಥೆಯನ್ನು ಎಲ್ಲರಿಗೂ ಹೇಳಿದ್ದಾಳೆ. ಕಾಲು ತೊಳೆದದ್ದನ್ನು ಮಾತ್ರ ಹೇಳಿದ್ದಾಳೆ, ದಿಬ್ಬದ ಮೇಲೆ ದಿಬ್ಬ ತೋರಿಸಿದ್ದನ್ನು ಹೇಳಿಲ್ಲ. ಅವಳ ಅತ್ತೆ ನನ್ನ ಜೊತೆ ನಗುವುದನ್ನು ನೋಡಿದ ಕೂಡಲೇ ಅದು ನನಗೆ ಗೊತ್ತಾಯಿತು.

"ಕಾಲಿಗೇ" ಎಂದೆ. ಸುರಿದುಕೊಂಡೆ. ನೀರು ಅಂಗಳ ಹಾದು ತೆಂಗಿನ ಬುಡದ ಕಡೆ ಹರಿಯಿತು. ಎಲ್ಲರೂ ಮಾತಾಡುತ್ತ ಒಳಗೆ ಹೋದರು. ನಾನು ಅಲ್ಲೇ ನಿಂತಿದ್ದೆ. ಕೆಳಗೆ ಬೋಗುಣಿ ತಳ್ಳುವವರು ಯಾರೂ ಇರಲಿಲ್ಲ.