ವೀಳ್ಯವಿಲ್ಲದೆ ಉಳಿದ ಹಾಡು

ಶರಣಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಅರೆಗಳಿಗೆ ಬದಿಗಿಟ್ಟು ಇತ್ತ ಕಿವಿಗೊಡಿ. ಯಲ್ಲದಕೆರೆಯ ಆಚೆ, ಜಾಲಿಮರಗಳ ನಡುವಿನ ಕುರಿಗಾಹಿಗಳ ಹಟ್ಟಿಯೊಂದರಲ್ಲಿ ಬಾಳಿದ ಬರಗೇರಮ್ಮನೆಂಬ ತಾಯಿಯ ಸಂಗತಿಯನ್ನು ಹೇಳುತ್ತೇನೆ. ಇದರಲ್ಲಿ ಒಂದಷ್ಟನ್ನು ನಾನು ಹಟ್ಟಿಯವರ ಬಾಯಿಂದ ಕೇಳಿದೆ. ಒಂದಷ್ಟನ್ನು, ಪರಶಿವನ ಸಾಕ್ಷಿಯಾಗಿ, ಸ್ವಂತ ಕಿವಿಯಿಂದ ಕೇಳಿದ್ದೇನೆ.

ಬರಗೇರಮ್ಮ ಎತ್ತರದ ಹೆಂಗಸು, ಮಾತು ಕಡಿಮೆ. ಗಂಡನನ್ನು ಕಳೆದುಕೊಂಡ ಮೇಲೆ ಹಟ್ಟಿಯ ಯಜಮಾನನಾಗಿದ್ದ ಭಾವ ಓಬಣ್ಣನ ಮನೆಯಲ್ಲೇ ಇದ್ದಳು. ಮುಳ್ಳುಬೇಲಿಯ ರೊಪ್ಪದಲ್ಲಿ ಎಳೆಯ ಕುರಿಮರಿಗಳನ್ನು ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ಚೊಚ್ಚಲು ಕುರಿಗಳು ಕೆಲವೊಮ್ಮೆ ತಾವೇ ಈದ ಮರಿಯನ್ನು ಮೂಸಿ ನೋಡಿ ಒದ್ದುಬಿಡುತ್ತವೆ. ಅಂಥ ಹೊತ್ತಿಗೆ ಆ ಹಟ್ಟಿಯವರಿಗೆ ಒಂದು ಹಾಡಿತ್ತು. ಹೊನ್ನಕ್ಕನೆಂಬ ಮುದುಕಿ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನು ಹಾಡುವಳು; ಹಾಡು ಮುಗಿಯುವುದರೊಳಗೆ ಕುರಿ ತಾನಾಗಿ ಬಂದು ಮೊಲೆ ಕೊಡುವುದು.

ಹಾಡಿನ ವಿಷಯದಲ್ಲಿ ಹಟ್ಟಿಗೆ ಒಂದು ಕಟ್ಟಳೆಯಿತ್ತು. ಹಾಡಿನ ಒಡತಿಯಿಂದ ಒಪ್ಪಿಗೆಯ ವೀಳ್ಯ ಪಡೆದವರು ಮಾತ್ರ ಅದನ್ನು ಹಾಡಬೇಕು. ಪಡೆಯದೆ ಹಾಡಿದವರ ಗಂಟಲು ಕಟ್ಟಿ ಮತ್ತೆ ಬಿಚ್ಚುವುದಿಲ್ಲವೆಂಬ ಭಯ ಎಲ್ಲರಲ್ಲೂ ಬೇರೂರಿತ್ತು. ಐವತ್ತು ವರ್ಷ ಕೇಳಿ ಕೇಳಿ ಪ್ರತಿಯೊಂದು ಸಾಲೂ ಎಲ್ಲರಿಗೂ ಬರುತ್ತಿತ್ತು. ಒಂದು ಸಾಲನ್ನೂ ಯಾರೂ ಬಾಯಿಬಿಟ್ಟು ಅಂದವರಲ್ಲ. ವೀಳ್ಯ ಕೊಡೆಂದು ಬರಗೇರಮ್ಮ ಹಲವು ಸಲ ಬೇಡಿದ್ದಳು. ತಾನಿನ್ನೂ ಗಟ್ಟಿಯಾಗಿರುವಾಗ ಅಷ್ಟು ಅವಸರವೇಕೆಂದು ಹೊನ್ನಕ್ಕ ನಕ್ಕುಬಿಡುತ್ತಿದ್ದಳು.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಆಷಾಢದಲ್ಲಿ ಹೊನ್ನಕ್ಕ ರೊಪ್ಪದ ಬಾಗಿಲಿನ ಹಾಸುಬಂಡೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳಲು ಕುಳಿತವಳು ಕುಳಿತಂತೆಯೇ ತೀರಿಕೊಂಡಳು. ಸುಣ್ಣ ಹಚ್ಚಿದ ಎಲೆ ಕೈಯಲ್ಲಿ ಹಾಗೆಯೇ ಇತ್ತು. ವೀಳ್ಯ ಯಾರಿಗೂ ಸಂದಿರಲಿಲ್ಲ.

ಕಾರ್ತಿಕದಲ್ಲಿ ಕುರಿಗಳು ಈಯತೊಡಗಿದವು. ಅಂದಿನಿಂದ ಹಟ್ಟಿಯ ಸಂಜೆಗಳ ಬಣ್ಣವೇ ಬೇರೆಯಾಯಿತು. ಗಾಳಿಯಿಲ್ಲದ ಹೊತ್ತಿನಲ್ಲಿ ಕುರಿಗಳೆಲ್ಲ ಮೆಲುಕು ನಿಲ್ಲಿಸಿ, ಬರಿದಾಗಿದ್ದ ಹಾಸುಬಂಡೆಯತ್ತ ಮುಖಮಾಡಿ ನಿಲ್ಲುವುವು. ಬೇಲಿಯೊಳಗಿಂದ, ತುಟಿ ಬಿಗಿದು ಯಾರೋ ಗುನುಗಿದಂಥ ಸದ್ದು ಬರುವುದು. ಜೇನಿರಬೇಕೆಂದು ಬೇಲಿ ಬಿಚ್ಚಿ ನೋಡಿದರು. ಒಂದು ನೊಣವೂ ಇರಲಿಲ್ಲ. ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರು ತಮ್ಮ ತುಟಿ ತಾವೇ ಅಲುಗುತ್ತಿರುವುದನ್ನು ಕಂಡು ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅಷ್ಟರಲ್ಲಿ ತಾಯಿ ಸೇರಿಸದ ನಾಲ್ಕು ಮರಿಗಳು ಸತ್ತವು. ಬರಗೇರಮ್ಮ ಹಾಡುತ್ತೇನೆಂದು ಕೇಳಿಕೊಂಡಳು. ವೀಳ್ಯವಿಲ್ಲದ ಹಾಡು ಕಳವಿಗೆ ಸಮವೆಂದು ಓಬಣ್ಣ ಖಂಡಿತವಾಗಿ ಬೇಡವೆಂದ. ಅವನೂ ಕ್ರೂರಿಯಲ್ಲ, ತಮ್ಮನ ಹೆಂಡತಿಯ ಗಂಟಲು ಹೋದೀತೆಂದು ಅಂಜಿದ್ದ.

ನಾನು ಹೊಸದುರ್ಗದ ಕಡೆ ಪ್ರವಚನ ಮುಗಿಸಿ ಹಿರಿಯೂರಿಗೆ ಮರಳುತ್ತ, ಒಂದು ಸಂಜೆ ಓಬಣ್ಣನ ಜಗುಲಿಯಲ್ಲಿ ಕುಳಿತಿದ್ದೆ. ಐದನೆಯ ಮರಿ ಬೆಳಗಿನಿಂದ ಹಾಲಿಲ್ಲದೆ ಬರಗೇರಮ್ಮನ ಮಡಿಲಲ್ಲಿ ತಣ್ಣಗಾಗುತ್ತಿತ್ತು. ಹೊತ್ತು ಮುಳುಗುವ ವೇಳೆಗೆ ರೊಪ್ಪದಿಂದ ಅವಳ ದನಿ ಎದ್ದಿತು.

"ಹೊಟ್ಟೆ ಮರೆತರೇನೇ, ಮೊಲೆ ಮರೆತೀತೇ..."

ಓಬಣ್ಣ ಕೋಲು ಹಿಡಿದು ಓಡಿದ; ನಾನೂ ಹಿಂದೆಯೇ ಹೋದೆ. ಬೇಲಿಯ ಹತ್ತಿರ ಇಬ್ಬರೂ ನಿಂತುಬಿಟ್ಟೆವು. ಒಳಗೆ ಇದ್ದವಳು ಬರಗೇರಮ್ಮ ಒಬ್ಬಳೇ, ದನಿಗಳು ಮಾತ್ರ ಎರಡು. ಒಂದು ಮುದಿದನಿ ಒಂದು ಸಾಲು ಹೇಳಿ ತಡೆಯುತ್ತಿತ್ತು, ಐಗಳು ಹುಡುಗರಿಗೆ ಹೇಳಿಕೊಟ್ಟು ಕಾಯುವಂತೆ. ಬರಗೇರಮ್ಮ ಅದನ್ನು ಮರಳಿ ಹೇಳುತ್ತಿದ್ದಳು. ಒಂದು ಕಡೆ ಅವಳು ಸಾಲು ಹಿಂದುಮುಂದು ಮಾಡಿದಳು. ಆ ದನಿ ಅದೇ ಸಾಲನ್ನು ಮತ್ತೊಮ್ಮೆ, ನಿಧಾನವಾಗಿ ಹೇಳಿತು. ನನ್ನ ಮೈಮೇಲಿನ ವಿಭೂತಿ ಬೆವರಿಗೆ ಕರಗಿತು. ಪಂಚಾಕ್ಷರಿಯನ್ನು ಜಪಿಸಹೋದೆ, ನಾಲಗೆ ಹೊರಳಲಿಲ್ಲ. ಹಾಡು ಮುಗಿದಾಗ ಕುರಿ ನಡೆದುಬಂದು ಮರಿಯನ್ನು ನೆಕ್ಕಿ, ಕಾಲಗಲಿಸಿ ನಿಂತಿತು.

ಓಬಣ್ಣನ ಕೋಲು ಕೆಳಗೆ ಬಿದ್ದಿತ್ತು. ಅವನು ಒಳಗೆ ಹೋಗಿ, "ನಿನಗ್ಯಾರು ವೀಳ್ಯ ಕೊಟ್ರು?" ಎಂದ.

"ನೀನೂ ಕೇಳಿದ್ಯಲ್ಲ ಭಾವ. ಹೊನ್ನಕ್ಕನೇ ಕೂರಿಸ್ಕಂಡು ಕಲಿಸಿದ್ಲು. ಇನ್ಯಾವ ವೀಳ್ಯ ಬೇಕು? ಕೊಡಾದನ್ನ ಕೊಡ್ದಲೆ ಹೋಗಾಕಾಗ್ದೆ ಆಯಮ್ಮ ಇಲ್ಲೇ ಕುಂತವಳೆ."

ಮಾರನೆಯ ದಿನ ಬರಗೇರಮ್ಮ ಹಟ್ಟಿಯವರನ್ನೆಲ್ಲ ಹಾಸುಬಂಡೆಯ ಬಳಿಗೆ ಕರೆದಳು. ದಾರಿಯಲ್ಲಿ ಮಂದೆ ನಿಲ್ಲಿಸಿಕೊಂಡಿದ್ದ ರಾಮಗಿರಿಯ ಕುರಿಗಾಹಿ ಕಾಟಯ್ಯನನ್ನೂ ಕರೆದು ಕೂರಿಸಿದಳು. ಗಂಡು, ಹೆಣ್ಣು, ಮಕ್ಕಳೆನ್ನದೆ ಒಬ್ಬೊಬ್ಬರ ಅಂಗೈಗೂ ವೀಳ್ಯವಿಟ್ಟು ಹೇಳಿದಳು: "ಹಾಡ್ರಿ. ನಿಮಗೆ ಬೇಕಾದಂಗೆ ಇನ್ನೂ ಕಟ್ಟಿ ಸೇರಿಸ್ಕಳ್ರಿ. ಹೊನ್ನಕ್ಕನ ಹಾಡು ಅಂತ ಹೆಸರು ಹೇಳ್ರಿ. ಕಲೀತೀನಿ ಅಂತ ಬಂದೋರಿಗೆ ಇಲ್ಲ ಅನ್ನಬ್ಯಾಡ್ರಿ."

ಓಬಣ್ಣ ಮಾತ್ರ ಕೈ ಹಿಂದಕ್ಕೆಳೆದುಕೊಂಡ. "ಕಂಡೋರಿಗೆಲ್ಲ ಹಂಚಿಬಿಟ್ರೆ ನಮ್ಮ ಹಟ್ಟಿಗೆ ಏನು ಉಳೀತೈತೆ?"

"ಮುಚ್ಚಿಟ್ಕಂಡಿದ್ದಾಗ ಏನು ಉಳಿದಿತ್ತು ಭಾವ? ನಾಲ್ಕು ಮರಿ ಹೂತ ಗುಂಡಿ."

ಅವನು ಕೈ ಚಾಚಿದ. ಕೊನೆಯ ವೀಳ್ಯವನ್ನು ಅವಳು ಬಂಡೆಯ ಮೇಲಿಟ್ಟು ನಮಸ್ಕರಿಸಿದಳು. ಬೆಳಗಾದಾಗ ಅದು ಅಲ್ಲಿರಲಿಲ್ಲ. ಕುರಿ ತಿಂದಿರಬಹುದು. ಆದರೆ ಬಂಡೆಯ ಬುಡದಲ್ಲಿ ತಾಂಬೂಲ ಉಗುಳಿದ ಹಸಿಕೆಂಪು ಇತ್ತೆಂದು ಹಟ್ಟಿಯವರು ಆಣೆಯಿಟ್ಟು ಹೇಳುತ್ತಾರೆ. ಅಂದಿನಿಂದ ಬೇಲಿ ಗುನುಗಲಿಲ್ಲ.

ಬರಗೇರಮ್ಮ ಮುಂದೆ ಐದು ವರ್ಷ ಬದುಕಿದಳು, ಗಂಟಲು ಕೊನೆಯವರೆಗೂ ತಿಳಿಯಾಗಿತ್ತು. ಕಾಟಯ್ಯನಿಂದ ಹಾಡು ರಾಮಗಿರಿಗೆ ಹೋಯಿತು, ಅಲ್ಲಿಂದ ಬಿ.ದುರ್ಗದ ಒಕ್ಕಲಿನ ಹೆಂಗಸರಿಗೆ ದಾಟಿತು. ಅವರು ಅದಕ್ಕೆ ಕರುವಿನ ಮೇಲೆ ಹೊಸ ಸಾಲುಗಳನ್ನು ಕಟ್ಟಿ, ಹಾಲು ಕೊಡದ ಹಸುವಿನ ಮುಂದೆ ಹಾಡತೊಡಗಿದರು. ಹಾಡು ಕೆಟ್ಟಿತೆಂದು ಓಬಣ್ಣ ಗೊಣಗಿದಾಗ ಬರಗೇರಮ್ಮ, "ಕರ ಬದುಕ್ತೋ ಇಲ್ಲೋ, ಅದನ್ನ ಕೇಳು" ಎಂದಳಂತೆ. ಹೊನ್ನಕ್ಕನನ್ನು ಕಣ್ಣಿಂದ ಕಾಣದ ಆ ಹೆಂಗಸರು ಇಂದಿಗೂ ಅವಳ ಹೆಸರು ಹೇಳಿಯೇ ಹಾಡು ಎತ್ತುತ್ತಾರೆ. ನಾನೇ ಕೇಳಿ ಬಂದಿದ್ದೇನೆ.

ಬಂಧುಗಳೇ, ಅನ್ನದ ದಾಸೋಹವನ್ನು ನಾವೆಲ್ಲ ಬಲ್ಲೆವು. ಅರಿವಿನ ದಾಸೋಹಕ್ಕೆ ಮಾತ್ರ ಏಕೋ ಕೈ ಹಿಂದೆಗೆಯುತ್ತದೆ. ಪೆಟ್ಟಿಗೆಯಲ್ಲಿಟ್ಟ ಪದದ ಪುಸ್ತಕ, ಯಾರಿಗೂ ಹೇಳದ ಮದ್ದು, ಮಕ್ಕಳಿಗೆ ಲೆಕ್ಕ ಕಲಿಸುವ ಸುಲಭದ ದಾರಿ, ಹೀಗೆ ನಿಮ್ಮಲ್ಲೂ ಏನಾದರೊಂದು ಇದ್ದೇ ಇರುತ್ತದೆ. ಉಸಿರಿರುವಾಗಲೇ ಅದನ್ನು ಹೊರಗೆ ತನ್ನಿ. ನಿಮಗೆ ಕೊಟ್ಟವರ ಹೆಸರು ಹೇಳಿ ಕೊಡಿ. ಪಡೆದವರು ತಿದ್ದಿದರೆ, ಬೆಳೆಸಿದರೆ ಮುನಿಯಬೇಡಿ. ಅವರೂ ಮುಂದಿನವರಿಗೆ ಕೊಡಲೆಂದು ಕೇಳಿಕೊಳ್ಳಿ. ನಾಳೆ ನಿಮ್ಮ ಬಾಗಿಲಿಗೆ ಬಂದು ಕಲಿಸಿರೆಂದು ಕೇಳುವ ಮೊದಲನೆಯವರನ್ನು ದಯಮಾಡಿ ಒಳಗೆ ಕರೆದು ಕೂರಿಸಿ.