ಎಡಮರೆಯ ಖಾದರ್ ಬಾಷಾ

ಯಲಹಂಕದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬಂಗಾರಪೇಟೆಯ ಕಡೆ ಹೊರಟ ಚಿಕ್ಕ ರೈಲಿನ ಹೊಗೆ ಮಂಜಿನಲ್ಲಿ ಕರಗಿ, ಯಾವುದು ಹೊಗೆ, ಯಾವುದು ಮಂಜು ಎಂದು ತಿಳಿಯದಂತಾಗಿದೆ. ಪತ್ರಿಕೆಗೆ ಬರೆಯಲೆಂದು ನಾನು ಬಂದಿರುವ ಹೆಂಚಿನ ಕೊಟ್ಟಿಗೆಯಲ್ಲಿ ಮೆಕ್ಯಾನಿಕ್ ಖಾದರ್ ಬಾಷಾ ಕಣ್ಣು ಮುಚ್ಚಿ ಕುಳಿತಿದ್ದಾರೆ. ಮೋಟಾರ್ ಸೈಕಲ್ ಎಂಜಿನ್ನಿನ ಹಲ್ಲುಚಕ್ರದ ತೂತಿನಲ್ಲಿ ಅವರ ಕಿರುಬೆರಳು ಮೆಲ್ಲಗೆ ಸುತ್ತುತ್ತಿದೆ.

"ನಿದ್ದೆ ಅಲ್ಲ ಸಾರ್. ಮರೆ ಯಾವ ಕಡೆ ಓಡ್ತದೆ ಅಂತ ಉಗುರು ಹೇಳ್ಬೇಕು. ಕಣ್ಣು ಬಿಟ್ರೆ ಉಗುರು ಸುಮ್ನಾಗ್ತದೆ."

ಬೋಲ್ಟಿನ ಮೈಮೇಲಿನ ಸುತ್ತುಗೆರೆಗೆ ಇಲ್ಲಿನ ಮೆಕ್ಯಾನಿಕ್ಕುಗಳು ಮರೆ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಕೆಲವು ಹಳೆಯ ಎಂಜಿನ್ನುಗಳಲ್ಲಿ ಮಾತ್ರ ಎಡಕ್ಕೆ. ಯುದ್ಧ ಮುಗಿದ ಮೇಲೆ ಸೈನ್ಯ ಹರಾಜು ಹಾಕಿದ ಅಂಥ ಗಾಡಿಗಳು ಹೆಬ್ಬಾಳ, ಯಶವಂತಪುರದ ಸುತ್ತ ಈ ಅರವತ್ತೆರಡರಲ್ಲೂ ಓಡುತ್ತಿವೆ. ಅವುಗಳ ಹಲ್ಲುಚಕ್ರವನ್ನು ಎಳೆದು ಕಳಚುವ ಸಲಕರಣೆ, ಪುಲ್ಲರ್, ಯಾವ ಅಂಗಡಿಯಲ್ಲೂ ಇಲ್ಲ. ಖಾದರ್ ಬಾಷಾ ಹಳೆಯ ಲಾರಿ ಆಕ್ಸಲಿನ ಉಕ್ಕಿನಿಂದ ತಾವೇ ಮಾಡುತ್ತಾರೆ. ಗೋಡೆಯಲ್ಲಿ ನಲವತ್ತೊಂದು ತೂಗುತ್ತಿವೆ. ತಪ್ಪಬಾರದೆಂದು ಎರಡು ಸಲ ಎಣಿಸಿದೆ. ಆರಕ್ಕೆ ಸುಣ್ಣದ ಬೊಟ್ಟಿದೆ. ಅವು ಎಡಮರೆಯವು.

ಇಂದಿನ ಎಂಜಿನ್, ಊರೂರು ಸುತ್ತಿ ದನಗಳಿಗೆ ಔಷಧ ಹಾಕುವ ಮುನಿಕೃಷ್ಣಪ್ಪನವರದು. ಮಾಕಳಿಯಲ್ಲಿ ಕಾಲುಬಾಯಿ ಜ್ವರ. ಇಲ್ಲಿ ಬೇರಿಂಗ್ ಒಡೆದು ಗಾಡಿ ನಿಂತು ಮೂರು ವಾರ. ಚಕ್ರ ಕಳಚದೆ ಬೇರಿಂಗ್ ಸಿಗದು, ಗೋಡೆಯ ಆರರಲ್ಲಿ ಯಾವುದೂ ಈ ಚಕ್ರದ ಅಳತೆಯದಲ್ಲ. ಯಾರೋ ಬಲಮರೆಯ ಬೋಲ್ಟು ತುರುಕಿ ಚಕ್ರದ ಮರೆ ಕೆಡಿಸಿದ್ದಾರೆ. ಉಳಿದಿರುವುದು ನಾಲ್ಕೇ ಸುತ್ತು. ಅದೂ ಹೋದರೆ ಗಾಡಿ ಗುಜರಿಗೆ.

"ಇಂಗೇ ಕುಂತ್ರೆ ಎಂಗೆ ಸಾಬ್ರೇ? ಅಲ್ಲಿ ಎಮ್ಮೆಗಳು ಜೊಲ್ಲು ಸುರಿಸ್ಕಂಡು ನಿಂತವೆ."

"ಎಮ್ಮೆಗಿರೋ ತಾಳ್ಮೆ ನಿಮಗಿಲ್ವಲ್ಲ ಕೃಷ್ಣಪ್ನೋರೆ."

ಆತುರದ ಬೆಲೆ ಖಾದರ್ ಬಾಷಾಗೆ ಗೊತ್ತು. ಹನ್ನೊಂದು ವರ್ಷದ ಕೆಳಗೆ, ಬೇರೆಯವರ ಗ್ಯಾರೇಜಿನಲ್ಲಿ, ಇಂಥದೇ ಚಕ್ರವನ್ನು ಅವರು ಬಲಕ್ಕೆ ತಿರುಗಿಸಿದ್ದರು. "ಟಪ್ ಅಂತು. ಚಕ್ರ ಕೂತಿದ್ದ ಶಾಫ್ಟೇ ಮುರೀತು. ಆ ಗಾಡಿ ಮತ್ತೆ ಎದ್ದೇಳ್ಲಿಲ್ಲ. ಸದ್ದು ಮಾತ್ರ ಈಗ್ಲೂ ಕನಸಲ್ಲಿ ಬರ್ತದೆ."

ಅಂದಿನಿಂದ ಉಕ್ಕು ಮುಟ್ಟುವ ಮೊದಲು, ಉಗುರು ಹೇಳಿದ ದಿಕ್ಕಿನಲ್ಲೇ ಮೂಲಂಗಿಗೆ ದಾರ ಸುತ್ತುತ್ತಾರೆ. ಅದು ಎಡವೋ ಬಲವೋ, ಹೆಂಡತಿ ಜಾಹಿದಾ ನೋಡಿ ಹೇಳಬೇಕು.

"ಎಡ," ಎನ್ನುತ್ತಾರೆ ಜಾಹಿದಾ. "ಮೂಲಂಗಿ ಸಾರಿಗಾದ್ರೂ ಬರ್ತದೆ. ನನ್ ಹೊಲಿಗೆ ದಾರ ಒಂದ್ ದಿನಾನೂ ವಾಪಸ್ ಬಂದಿಲ್ಲ."

ಕಾಲಲ್ಲಿ ತುಳಿಯುವ ಲೇತು ಗುನುಗತೊಡಗುತ್ತದೆ. ಎಡಮರೆ ಕೊರೆಯುವಾಗ ಉಳಿ ಹಿಮ್ಮುಖವಾಗಿ ನಡೆಯುತ್ತದೆ. ನೋಡುತ್ತ ಕುಳಿತರೆ ಹೊತ್ತೂ ಹಿಂದಕ್ಕೆ ಸರಿದಂತೆ, ಬೆಳಗು ಮತ್ತೆ ಮಂಜಿಗೇ ಮರಳಿದಂತೆ ಅನಿಸುತ್ತದೆ. ಉಕ್ಕಿನ ಸುರುಳಿಗಳು ನೀಲಿಯಾಗಿ ಉದುರುತ್ತವೆ.

ಬಿಸಿಲು ಹೊಸ್ತಿಲಿಗೆ ಬಂದಾಗ ಪುಲ್ಲರ್ ಸಿದ್ಧ. ಚಕ್ರದೊಳಕ್ಕೆ ಎಡಕ್ಕೆ ನಾಲ್ಕು ಸುತ್ತು, ನಾಲ್ಕೂ ಹಿಡಿಯುತ್ತವೆ. ಶಾಫ್ಟನ್ನು ಒತ್ತುವ ನಡುವಿನ ಬೋಲ್ಟು ಬಿಗಿದು ಖಾದರ್ ಬಾಷಾ ಕೈ ಒರೆಸಿಕೊಂಡು ಟೀ ಲೋಟ ಎತ್ತುತ್ತಾರೆ. ಸುತ್ತಿಗೆ ಮುಟ್ಟುವುದಿಲ್ಲ.

"ಉಕ್ಕಿಗೂ ಯೋಚನೆ ಮಾಡೋಕೆ ಟೈಮ್ ಕೊಡ್ಬೇಕು."

ಟೀ ಅರ್ಧ ಮುಗಿದಾಗ, ಟಪ್.

ಮುನಿಕೃಷ್ಣಪ್ಪ ಎದ್ದು ನಿಲ್ಲುತ್ತಾರೆ. ಖಾದರ್ ಬಾಷಾ ಲೋಟ ಕೆಳಗಿಡುತ್ತಾರೆ. ಆಮೇಲೆ ಬಗ್ಗಿ, ಎರಡು ಬೆರಳಿನಲ್ಲಿ ಚಕ್ರವನ್ನು ಹೂವಿನಂತೆ ಎತ್ತುತ್ತಾರೆ. ಶಾಫ್ಟು ನೆಟ್ಟಗಿದೆ.

"ಸಂಜೆಗೆ ಮಾಕಳಿಗೆ ಹೋಗಿ," ಎನ್ನುತ್ತಾರೆ.

ಹೊಸ ಪುಲ್ಲರಿಗೆ ಸುಣ್ಣ ಇಡುತ್ತ ನನ್ನ ಕಡೆ ತಿರುಗುತ್ತಾರೆ. "ಪೇಪರಲ್ಲಿ ನನ್ ಹೆಸರು ತಪ್ಪಾದ್ರೂ ಪರವಾಗಿಲ್ಲ ಸಾರ್. ಅಂಥ ಗಾಡಿ ಇಟ್ಕೊಂಡೋರು ಓದ್ತಾರೆ. ಅದು ಎಡಮರೆ ಅನ್ನೋದು ಮಾತ್ರ ಸರಿಯಾಗಿ ಬರೀರಿ."