ತಲೆ ಮುಟ್ಟಿ ಕೊಟ್ಟ ಮಾತು

ನಂಬುವುದಾದರೆ ನಂಬಿ, ಇಲ್ಲದಿದ್ದರೆ ಬಿಡಿ. ನಿದ್ದೆಗಣ್ಣು, ಬಿಪಿ ಎಂದು ನನ್ನ ಗಂಡ ಕೊಡುವ ಕಾರಣಗಳೆಲ್ಲ ನನಗೆ ಬಾಯಿಪಾಠ. ಆದರೆ ಆ ರಾತ್ರಿ ಅಮೆರಿಕದ ಸನ್ನಿವೇಲ್‌ನ ನಮ್ಮ ಮನೆಯಲ್ಲಿ ನಾನು ಎಚ್ಚರವಾಗಿಯೇ ಇದ್ದೆ.

ನಮ್ಮ ಮಗ ಚಿನ್ಮಯ ಹುಟ್ಟಿದ್ದು ಸಿಂಗಪುರದಲ್ಲಿ. ಒಳ್ಳೆಯ ಪಾಸ್‌ಪೋರ್ಟು ಎಂದು ನಾವೇ ಆಸೆಪಟ್ಟು ಅಲ್ಲಿಯ ಪ್ರಜೆಗಳಾದೆವು. ಅಲ್ಲಿನ ಗಂಡುಮಕ್ಕಳು ಎರಡು ವರ್ಷ ಸೈನ್ಯದಲ್ಲಿ ಕಡ್ಡಾಯ ಸೇವೆ ಮಾಡಲೇಬೇಕು. ಆಮೇಲೆ ನಾವು ಇಲ್ಲಿಗೆ ಬಂದು ನೆಲೆಸಿದೆವು. ಹೈಸ್ಕೂಲು ಗ್ರಾಜುಯೇಷನ್ ಮುಗಿದದ್ದೇ ಅವನಿಗೆ ಕರೆ ಬಂತು. ಅವತ್ತಿನಿಂದ ಸರಿಯಾಗಿ ಊಟವಿಲ್ಲ. ಉಗುರು ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡಿದ್ದ.

ಲಿವರ್‌ಮೋರ್ ದೇವಸ್ಥಾನದ ಪಾರ್ಕಿಂಗಿನಲ್ಲಿ, ಕಾರಿನಲ್ಲೇ ಕೂತು ಬಾಯಿಬಿಟ್ಟ. ನನ್ನ ಕನ್ನಡಕ್ಕೆ ಅವನ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲೇ.

"ಅಮ್ಮಾ, ಐ ಕಾಂಟ್ ಗೋ. ಡೋಂಟ್ ಟೆಲ್ ಅಪ್ಪ. ಪ್ರಾಮಿಸ್?"

ಸಿಂಗಪುರದ ಫ್ಲೈಟಿನ ದಿನ ಡ್ಯಾನ್‌ವಿಲ್‌ನ ಗೆಳೆಯನ ಮನೆಯಲ್ಲಿ ಅಡಗಿಕೊಳ್ಳುವುದು ಅವನ ಉಪಾಯ.

"ಯಾರಿಗೂ ಹೇಳಲ್ಲ ಕಣೋ, ನಿನ್ನಾಣೆ" ಎಂದೆ. ಎಡಗಿವಿಯ ಮೇಲಿನ ಗುಂಗುರು ಕೂದಲ ಮೇಲೆ ಕೈಯಿಟ್ಟೇ ಹೇಳಿದೆ.

ಅದೇ ಸಂಜೆ ಅವನು ಆ ಗೆಳೆಯನನ್ನು ನೋಡಲು ಡ್ಯಾನ್‌ವಿಲ್‌ಗೆ ಹೋದಾಗ, ಗರಾಜಿನ ಬಾಗಿಲು ಮುಚ್ಚಿ ಗಂಡನಿಗೆ ಎಲ್ಲ ಹೇಳಿಬಿಟ್ಟೆ. ಹೋಗದಿದ್ದರೆ ಕೇಸು, ಜೈಲು... ನಾನಾದರೂ ಇನ್ನೇನು ಮಾಡಬೇಕಿತ್ತು?

"ಟಿಕೆಟ್ಟು ನಾಳೆಗೇ ಬದಲಾಯಿಸ್ತೀನಿ. ನಾನೇ ಜೊತೆಗೆ ಹೋಗಿ ಬಿಟ್ಟು ಬರ್ತೀನಿ" ಎಂದರು.

ರಾತ್ರಿ ಒಂದು ಗಂಟೆ ಇರಬೇಕು. ಮಹಡಿಯ ಬಾತ್‌ರೂಮಿನಿಂದ ಗುಂಯ್... ಎಂದು ಸದ್ದು. ತಲೆ ಬೋಳಿಸುವ ಮಷೀನು! ನಮ್ಮ ಮನೆಯಲ್ಲಿ ಅಂಥದ್ದು ಇರಲೇ ಇಲ್ಲ. ಮೆಟ್ಟಿಲು ಹತ್ತುತ್ತಿದ್ದಂತೆ ಬೂಟ್ ಪಾಲಿಶಿನ ಗಾಟು ಮೂಗಿಗೆ ಹೊಡೆಯಿತು.

ಬಾಗಿಲು ತಳ್ಳಿದೆ. ಚಿನ್ಮಯ ನನಗೆ ಬೆನ್ನು ಹಾಕಿ ನಿಂತಿದ್ದ. ಬೋಳು ತಲೆ. ಎಡಗಿವಿಯ ಮೇಲೆ ಗಾಯ, ರಕ್ತ ಕತ್ತಿಗೆ ಇಳಿಯುತ್ತಿತ್ತು...

"ಅಮ್ಮಾ, ಹೇಳ್ಬಿಟ್ಯಾ?"

ಅಚ್ಚ ಕನ್ನಡ!

"ನನ್ ತಲೆ ಮುಟ್ಟಿ ಆಣೆ ಮಾಡಿದ್ದೆ... ನೀನೇ ಹಿಂಗ್ ಮಾಡಿದ್ರೆ ನಾನು ಯಾರನ್ನ ನಂಬ್ಲಿ?"

ಅಷ್ಟರಲ್ಲಿ ಕೆಳಗೆ ಮುಂಬಾಗಿಲು ತೆರೆಯಿತು. ತಿರುಗಿ ನೋಡಿದರೆ, ಮೆಟ್ಟಿಲ ಬುಡದಲ್ಲಿ ಕಾರಿನ ಕೀ ಹಿಡಿದು ಚಿನ್ಮಯ ನಿಂತಿದ್ದಾನೆ. ತಲೆತುಂಬ ಗುಂಗುರು ಕೂದಲು.

"ಅಮ್ಮಾ? ವೈ ಆರ್ ಯು ಅಪ್?"

ಬಾತ್‌ರೂಮು ಖಾಲಿಯಾಗಿತ್ತು. ಪಾಲಿಶಿನ ವಾಸನೆ ಮಾತ್ರ ಹೋಗಿರಲಿಲ್ಲ.

ಬೆಳಿಗ್ಗೆ ಗಂಡ ಟಿಕೆಟ್ಟು ತೋರಿಸಿದಾಗ ಮಗ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬ್ಯಾಗು ಎತ್ತಿಕೊಂಡು ಹೊರಟ.

ಎರಡು ತಿಂಗಳಾದ ಮೇಲೆ ಕ್ಯಾಂಪಿನಿಂದ ಫೋಟೋ ಬಂತು. ಬೋಳು ತಲೆ. ಎಡಗಿವಿಯ ಮೇಲೆ, ನಾನು ಕೈಯಿಟ್ಟಿದ್ದ ಜಾಗದಲ್ಲೇ ಐದು ಹೊಲಿಗೆ. ಏನಾಯಿತೋ ಎಂದರೆ, "ಐ ಸ್ಲಿಪ್ಡ್" ಎಂದಷ್ಟೇ ಹೇಳಿದ.

ಅಪ್ಪನಿಗೆ ಹೇಳಿದ್ದು ಯಾರು ಎಂದು ಅವನು ಇವತ್ತಿಗೂ ಕೇಳಿಲ್ಲ. ಆದರೆ ಕಳೆದ ಭಾನುವಾರ ಫೋನಿನಲ್ಲಿ, ಹುಟ್ಟಿದಾಗಿನಿಂದ ಮೊದಲ ಸಲ, ನನ್ನ ಜೊತೆ ಕನ್ನಡದಲ್ಲಿ ಮಾತಾಡಿದ. ಬಾತ್‌ರೂಮಿನಲ್ಲಿ ಕೇಳಿದ ಅದೇ ದನಿ...

"ನಿನ್ ಹತ್ರ ಬೇಡ. ಅಪ್ಪಂಗೆ ಕೊಡು."

ಫೋನು ಕೊಟ್ಟು, ಗರಾಜಿಗೆ ಹೋಗಿ ಕತ್ತಲಲ್ಲೇ ಕೂತೆ.